ಸುಮ್ಮನೆ ಕೂರುವ ಕೆಲಸ

ಊರಿನ ಹಲ್ಲಿಲ್ಲದವರಿಗೆಲ್ಲ ಹಲ್ಲು ಕಟ್ಟಿಕೊಡುವವಳ ಮನೆಯಲ್ಲೇ ಅತ್ತೆಯೊಬ್ಬಳು ಬೊಚ್ಚುಬಾಯಲ್ಲಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ನುಂಗುತ್ತಿದ್ದಳು. ಅಜ್ಜಿಕಥೆಯಲ್ಲಾದರೆ ಇದಕ್ಕೆ ಯಾರದೋ ಶಾಪ ಕಾರಣವಾಗಿರುತ್ತಿತ್ತು. ಇಲ್ಲಿ ಶಾಪವೇನೂ ಇರಲಿಲ್ಲ. ಸೊಸೆಗೆ ಮರೆವಿತ್ತು, ಮರೆತದ್ದು ನೆನಪಾದಾಗ ನಾಚಿಕೆಯಿತ್ತು, ಆ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಮತ್ತಷ್ಟು ಮರೆವಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ದಂತವೈದ್ಯರು ಕಳಿಸುವ ಒಸಡಿನ ಅಚ್ಚಿನ ಮೇಲೆ ಮೇಣ ಹಾಸಿ, ಅದರಲ್ಲಿ ಒಂದೊಂದೇ ಹಲ್ಲು ಊರಿ ನಿಲ್ಲಿಸುವುದರಲ್ಲಿ ಅವಳದು ಎತ್ತಿದ ಕೈ. ಡಾಕ್ಟರು ಫೋನಿನಲ್ಲಿ ಗದರುವವರೆಗೂ ಕೆಲಸ ಮುಟ್ಟುತ್ತಿರಲಿಲ್ಲ, ಗದರಿದ ಮೇಲೆ ಊಟ ತಿಂಡಿ ಬಿಟ್ಟು ಮುಗಿಸುತ್ತಿದ್ದಳು. ಅತ್ತೆ ಗದರುವ ಪೈಕಿಯಲ್ಲ. ಹಾಗಾಗಿ ಬೇಸಿಗೆಯಲ್ಲಿ ಬಚ್ಚಲಲ್ಲಿ ಬಿದ್ದು ಒಡೆದ ಅವಳ ಹಲ್ಲಿನ ಸೆಟ್ಟಿಗೆ ಬದಲಿ ಸೆಟ್ಟು, ಸ್ವೆಟರ್ ಹಾಕುವ ಕಾಲ ಬಂದರೂ ತಯಾರಾಗಿರಲಿಲ್ಲ.

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಸಂಜೆ ಪಾರ್ಕಿನ ಬೆಂಚಿಗೆ, ಗೆಳತಿಯರ ಹತ್ತಿರ ಹೋಗುವುದನ್ನು ಬಿಟ್ಟಳು. ಮೊಮ್ಮಗಳು ಕಥೆ ಕೇಳಿದರೆ, "ನನ್ನ ಬಾಯಲ್ಲಿ ಈಗ ರಾಕ್ಷಸನೂ ತೊದಲ್ತಾನೆ ಕಣೇ, ಬೇಡ" ಎಂದು ನಗೆಯಲ್ಲಿ ತೇಲಿಸಿಬಿಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಟವೆಲ್ ಒಣಹಾಕಲು ಹೊರಟ ಸೊಸೆ ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ಆಚೆ ಅತ್ತೆ ಮಗನಿಗೆ ಮೆಲ್ಲಗೆ ಹೇಳುತ್ತಿದ್ದಳು. ಬಸ್‌ಸ್ಟಾಪಿನ ಪಕ್ಕ ಇನ್ನೊಬ್ಬರು ಹಲ್ಲು ಕಟ್ಟುತ್ತಾರಂತೆ, ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗಬೇಕಂತೆ, ಅವಳಿಗೆ ತಿಳಿಸಬಾರದಂತೆ.

"ನನ್ನ ಮೇಲೆ ಏನೋ ಬೇಜಾರಿರ್ಬೇಕು ಅವಳಿಗೆ. ಪಾಪ, ಬಾಯಿಬಿಟ್ಟು ಹೇಳಕ್ಕಾಗ್ತಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಪಾಪ' ಎದೆಗೆ ನಾಟಿತು.

ಹೇಳದೆ ಬಚ್ಚಿಟ್ಟ ಸಂಗತಿ ಅವಳಲ್ಲೂ ಒಂದಿತ್ತು. ಈಚೆಗೆ ಅವಳು ಮನಸ್ಸಿನ ಡಾಕ್ಟರ ಬಳಿ ಹೋಗಿಬಂದಿದ್ದಳು. ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಚಿಕ್ಕಂದಿನಿಂದಲೂ ಇದ್ದದ್ದೇ, ಗಮನಕ್ಕೆ ಕಡಿವಾಣ ಹಾಕುವುದು ನಿಮ್ಮ ಮಿದುಳಿಗೆ ಉಳಿದವರಿಗಿಂತ ಕಷ್ಟ ಎಂದಿದ್ದರು ಅವರು. ಸೋಮಾರಿ, ಅರೆಬರೆ, ತಲೆ ಎಲ್ಲೋ ಕಾಲೆಲ್ಲೋ ಎಂದು ಕೇಳುತ್ತಲೇ ಬೆಳೆದವಳು ಅಲ್ಲೇ ಕುರ್ಚಿಯಲ್ಲಿ ಅತ್ತಿದ್ದಳು. ಮಾತ್ರೆ ಶುರುವಾಗಿತ್ತು. ಗಂಡ ಪ್ರೀತಿಯಿಂದ ಮನೆಯಿಡೀ ನೆನಪಿಗೆಂದು ಬಣ್ಣದ ಚೀಟಿ ಅಂಟಿಸಿದ್ದ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಚೀಟಿಗಳೂ ಗೋಡೆಯೇ ಆಗಿಹೋದವು. ಅಲಾರಂ ಇಟ್ಟರೆ, ಅವಳಿಗೂ ತಿಳಿಸದೆ ಅವಳ ಕೈಯೇ ಆರಿಸಿಬಿಡುತ್ತಿತ್ತು. ಆಮೇಲೆ ಅಲ್ಲಿನ ಆಪ್ತಸಲಹೆಗಾರ್ತಿ ಎರಡು ಮಾತು ಹೇಳಿದ್ದರು: ಕೆಲಸ ಮಾಡುವಾಗ ಯಾರಾದರೂ ಪಕ್ಕದಲ್ಲಿ ಸುಮ್ಮನೆ ಕೂತಿರಲಿ, ಮುಗಿಸುತ್ತೇನೆ ಅಂತ ಕೂರಬೇಡಿ, ಮೇಣ ಬಿಸಿ ಮಾಡುತ್ತೇನೆ ಅಂತ ಕೂರಿ.

ಅತ್ತೆಗೆ ಹೇಳಿದರೆ 'ಇದೊಂದು ಹೊಸ ನೆಪ' ಅಂದುಕೊಂಡಾಳು ಎಂಬ ಹೆದರಿಕೆಯಿಂದ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅವತ್ತು ಒದ್ದೆ ಟವೆಲ್ ಕೈಯಲ್ಲಿ ಹಿಡಿದುಕೊಂಡೇ ಆಚೆ ಬಂದು, ಕೇಳಿಸಿಕೊಂಡದ್ದೂ ಸೇರಿ ಎಲ್ಲ ಹೇಳಿದಳು.

ಅತ್ತೆ ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ನನ್ನ ಮೇಲೆ ಮುನಿಸಿಲ್ವಾ?"

"ಮುನಿಸಾ? ನಿಮ್ಮ ಮುಖ ನೋಡ್ದಾಗೆಲ್ಲ ಭೂಮಿ ಬಾಯಿಬಿಡ್ಬಾರ್ದಾ ಅನ್ಸುತ್ತೆ ಅತ್ತೆ. ನಿಮ್ಮ ಅಚ್ಚನ್ನ ಕಿಟಕಿ ಮೇಲೇ ಇಟ್ಟಿದ್ದೆ, ದಿನಾ ಕಣ್ಣಿಗೆ ಬೀಳ್ಲಿ ಅಂತ. ಅದು ಎಲ್ಲೋಯ್ತೋ, ಆಮೇಲೆ..."

ಅತ್ತೆಯ ಮುಖ ಸಪ್ಪಗಾಯಿತು. "ನಾನೇ ಎತ್ತಿಟ್ಟೆ ಕಣೇ. ಬಂದೋರೆಲ್ಲ ನನ್ನ ಒಸಡು ನೋಡ್ಕೊಂಡು ಹೋಗ್ತಿದ್ರು. ಪೇಪರಲ್ಲಿ ಸುತ್ತಿ ಬೀರು ಮೇಲಿಟ್ಟಿದೀನಿ, ಚೊಕ್ಕಟವಾಗಿರ್ಲಿ ಅಂತ."

ಕಣ್ಣೆದುರಿಂದ ಸರಿದ ವಸ್ತು ಸೊಸೆಯ ಪಾಲಿಗೆ ಲೋಕದಿಂದಲೇ ಸರಿದಂತೆ. ಇದು ಅತ್ತೆಗೇನು ಗೊತ್ತು? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಯಾರೋ, ಅಂತೂ ಕೊನೆಗೆ ಇಬ್ಬರೂ ಕಣ್ಣೊರೆಸಿಕೊಂಡರು.

ಬೀರಿನ ಮೇಲಿನ ಅಚ್ಚು ಕೆಲಸಕ್ಕೆ ಬರುವಂತಿರಲಿಲ್ಲ, ಅಷ್ಟರಲ್ಲಿ ಒಸಡು ಸೊರಗಿತ್ತು. ಮರುದಿನವೇ ಡಾಕ್ಟರ ಬಳಿ ಹೊಸ ಅಚ್ಚು ತೆಗೆಸಿಕೊಂಡು ಬಂದರು. ಪಕ್ಕದಲ್ಲಿ ಕೂತಿರಿ ಎಂದು ಸೊಸೆ ಕೇಳಿದಾಗ ಅತ್ತೆ, "ಕೂತು ಏನ್ಮಾಡ್ಲಿ?" ಎಂದಳು.

"ಏನೂ ಮಾಡ್ಬೇಡಿ."

"ಅದೊಂದೇ ನಂಗೆ ಬರಲ್ಲ." ಕುರ್ಚಿ ಎಳೆದುಕೊಳ್ಳುತ್ತ ಸೇರಿಸಿದಳು: "ನೋಡು, ಶನಿವಾರ ನಾನು ಮನೆಯಿಂದ ಹೊರಡೋದಂತೂ ಖಂಡಿತ. ಬಸ್‌ಸ್ಟಾಪಿಗೋ ಪಾರ್ಕಿಗೋ, ಅದು ನಿನ್ನ ಕೈಲಿದೆ."

ಮೊದಲ ದಿನ ಕೆಟ್ಟಿತು. ಅತ್ತೆ ಪಕ್ಕದ ಮನೆಯ ಸುದ್ದಿ ತೆಗೆದಳು, ಸುದ್ದಿ ಬೆಳೆದು ಕಥೆಯಾಯಿತು, ಸೊಸೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತ ಕೂತಳು, ಮೇಣ ತಣ್ಣಗಾಯಿತು. ಸಾಲದ್ದಕ್ಕೆ ಅತ್ತೆ ಏಳುವಾಗ ಮೇಜು ಒರೆಸಿ ಸಲಕರಣೆಗಳನ್ನು ಡ್ರಾಯರಿಗೆ ಹಾಕಲು ಹೊರಟು, ಅರ್ಧದಲ್ಲೇ ನೆನಪಾಗಿ ಒಂದೊಂದನ್ನೇ ಮರಳಿ ಹರಡಿಟ್ಟಳು. ಆ ಗಲೀಜು ಮುಟ್ಟದಿರಲು ಅವಳ ಕೈ ಪಟ್ಟ ಸಂಕಟ ಅವಳಿಗೇ ಗೊತ್ತು.

ಎರಡನೆಯ ದಿನ ಅತ್ತೆ ಒಂದು ಹಳೆಯ ಸ್ವೆಟರ್ ತಂದು, ತುಟಿ ಬಿಗಿದು, ಅದರ ಉಲ್ಲನ್ ಬಿಚ್ಚಿ ಉಂಡೆ ಸುತ್ತತೊಡಗಿದಳು. ಸೊಸೆ ಮೇಣ ಬಿಸಿ ಮಾಡಿದಳು. ಬಿಸಿಯಾದದ್ದನ್ನು ಹಾಸದೆ ಬಿಡಲಾದೀತೇ, ಹಾಸಿದಳು. ಮುಂದಿನ ಹಲ್ಲುಗಳು ನಿಂತವು. ನೀರು ಕುಡಿಯಲು ಎದ್ದವಳು ಬಾಡಿದ ಹೂಕುಂಡ ಕಂಡು ಮಣ್ಣು ಕೆದಕಲು ಬಾಗಿದಳು. ಅತ್ತೆ ಕರೆಯಲಿಲ್ಲ. ಸುತ್ತುವ ಕೈ ಮಾತ್ರ ನಿಲ್ಲಿಸಿದಳು. ಕೋಣೆಗೆ ಕೋಣೆಯೇ ಕಾಯುತ್ತಿರುವಂತೆ ಅನ್ನಿಸಿ ಸೊಸೆ ತಿರುಗಿದಳು, ಬಂದು ಕೂತಳು. ಉಂಡೆ ಮತ್ತೆ ಉರುಳಿತು.

ಹೀಗೇ ಮೇಣದ ಸೆಟ್ಟು ಬಾಯಿಗೆ ಹೊಂದಿತು, ಮೇಣ ಹೋದ ಜಾಗಕ್ಕೆ ಗಟ್ಟಿ ಗುಲಾಬಿ ಒಸಡು ಬಂತು, ಪಾಲಿಶ್ ಆಯಿತು. ಶುಕ್ರವಾರ ಡಾಕ್ಟರು ತೊಡಿಸಿದಾಗ ಎಡಗಡೆ ಕೊಂಚ ಒತ್ತುತ್ತದೆ ಎಂದಳು ಅತ್ತೆ. ಮನೆಗೆ ಬಂದು ಸೊಸೆ ಕೂದಲೆಳೆಯಷ್ಟು ಉಜ್ಜಿದಳು. ಅತ್ತೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ಶನಿವಾರ ಮಗ ಚಪ್ಪಲಿ ಮೆಟ್ಟಿ ಬಂದು ಹೊರಡೋಣವೇ ಎಂದ. ತಾಯಿ ಅಷ್ಟೂ ಹಲ್ಲು ತೋರಿಸಿದಳು. ಆಮೇಲೆ ಕೈ ಬೀಸಿಕೊಂಡು ಒಬ್ಬಳೇ ಪಾರ್ಕಿಗೆ ನಡೆದಳು.

ದೀಪ ಹಚ್ಚುವ ಹೊತ್ತಿಗೆ ಮರಳಿದವಳು ನೇರ ಮುಂದಿನ ಕೋಣೆಗೆ ಬಂದಳು. ಸೊಸೆ ಒಂದು ಹೊಸ ಅಚ್ಚನ್ನು ಕೈಯಲ್ಲಿ ಹಿಡಿದು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕೂತಿದ್ದಳು. ಅತ್ತೆ ಕುರ್ಚಿ ಎಳೆದುಕೊಂಡಳು.

"ಮೇಣ ಕಾಯ್ಸು. ಇವತ್ತು ಯಾರ ಹಲ್ಲು?"