ಹಸಿರು ಚುಕ್ಕೆ ಕಾಯುವವರು

"ಏಯ್, ಸತ್ತಿದ್ದೀಯೇನೇ ಒಳಗೆ? ನಿನ್ನ ಚುಕ್ಕೆ ಹಳದಿ ಆಗಿದೆ, ಮುಂಡೇದೆ!"

ಸೂಪರ್‌ವೈಸರ್ ಪಾಯಿಖಾನೆಯ ಬಾಗಿಲನ್ನು ಬೂಟುಗಾಲಿನಿಂದ ಒದೆಯುತ್ತಿದ್ದ. ನನ್ನ ಬಲಗೈ ಮೊಣಕೈಯವರೆಗೆ ಕಮೋಡಿನೊಳಗಿತ್ತು. ಯಾರೋ ದೊಡ್ಡ ಸಂಬಳದವರು ಕಾಗದದ ಉಂಡೆ ತುರುಕಿ ಹೋಗಿದ್ದರು.

"ಬದುಕಿದ್ದೀನಿ ಸಾರ್. ಕೈ ಬಿಡುವಿಲ್ಲ."

"ಇನ್ನೊಂದು ಕೈಗೇನು ಲಕ್ವ ಹೊಡೆದಿದ್ಯಾ? ಒತ್ತು!"

ಎಡಗೈಯಿಂದ ಸೊಂಟದಲ್ಲಿದ್ದ ಫೋನು ಮುಟ್ಟಿದೆ. ಹಳದಿ ಹೋಗಿ ಹಸಿರು ಬಂತು. ಬೂಟು ಮುಂದಿನ ಬಾಗಿಲಿಗೆ ಹೋಯಿತು.

ಆ ಕಟ್ಟಡ ತೊಳೆಯುವವರು ನಾವು ಏಳು ಜನ ಹೆಂಗಸರು. ಅಲ್ಲಿ ತಯಾರಾಗುತ್ತಿದ್ದ ಸರಕಿನ ಹೆಸರು 'ಕೂಟ'. ಫೋನಿನೊಳಗೆ, ಕಂಪ್ಯೂಟರಿನೊಳಗೆ ಇರುವ ಸರಕು. ಒಂದು ಆಫೀಸಿನವರೆಲ್ಲ ಅದರಲ್ಲೇ ಸೇರಿ ಮಾತಾಡಬೇಕು, ಕೆಲಸ ಹಂಚಿಕೊಳ್ಳಬೇಕು. ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆ. ಕೆಲಸದಲ್ಲಿದ್ದರೆ ಹಸಿರು, ಐದು ನಿಮಿಷ ಫೋನು ಮುಟ್ಟದಿದ್ದರೆ ಹಳದಿ. ಮೂರು ಹಳದಿಗೆ ಒಂದು ದಿನ ಗೈರುಹಾಜರಿ. ಕುರ್ಚಿಯಲ್ಲಿ ಕೂತವರಿಗೆ ಇದು ಹೇಗೋ ಆಗುತ್ತದೆ. ಫಿನಾಯಿಲಿನಲ್ಲಿ ಕೈ ಅದ್ದಿದವಳು ಏನು ಮಾಡಬೇಕು?

ಅವತ್ತೇ ಊಟದ ಹೊತ್ತಿಗೆ ನಾವೊಂದು ಉಪಾಯ ಮಾಡಿದೆವು. ದಿನಕ್ಕೊಬ್ಬಳು ಮೂರನೇ ಮಹಡಿಯ ಬಕೆಟ್ ಕೋಣೆಯಲ್ಲಿ ಕೂತು, ಏಳೂ ಫೋನನ್ನು ಮಡಿಲಲ್ಲಿ ಹಾಕಿಕೊಂಡು ಒಂದಾದ ಮೇಲೊಂದು ಒತ್ತುತ್ತಿರುವುದು. ಉಳಿದ ಆರು ಜನ ಎರಡೂ ಕೈ ಹಾಕಿ ಅವಳ ಪಾಲಿನ ಕೆಲಸವನ್ನೂ ಮುಗಿಸುವುದು. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆವು.

ಆಗ ಕೂಟದ ಒಳ್ಳೆಯ ಕಾಲ. ವಾರಕ್ಕೊಂದು ಸಲ ಬಲೂನು, ಕೇಕು. ನಾವು ಕಾರ್ಪೆಟ್ಟಿನಿಂದ ಕೆನೆ ಕೆರೆಯುವುದು. ಕೆಳಗಿನ ಹಾಲಿನಲ್ಲಿ ಗೋಡೆಯಷ್ಟಗಲದ ಪರದೆ. ಎಲ್ಲೆಲ್ಲಿ ಯಾರು ಕೂಟ ಬಳಸುತ್ತಿದ್ದರೋ ಅವರೆಲ್ಲ ಅದರ ಮೇಲೆ ಹಸಿರು ಚುಕ್ಕೆಯಾಗಿ ಮಿನುಗುತ್ತಿದ್ದರು. ಯಜಮಾನನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನಮ್ಮನ್ನೂ ಸಾಲಾಗಿ ನಿಲ್ಲಿಸಿ, "ಸಾರ್ ಅನ್ಬೇಡಿ, ಅಣ್ಣ ಅನ್ನಿ. ನಾವೆಲ್ಲ ಒಂದೇ ಮನೆಯವರು" ಎಂದಿದ್ದ. ನನ್ನ ಹಿರಿಮಗಳು ಅವನಿಗಿಂತ ದೊಡ್ಡವಳು. ನಕ್ಕರೆ ಮೇಲಿನದೂ ಕೆಳಗಿನದೂ ಅಷ್ಟೂ ಕಾಣುತ್ತಿದ್ದದ್ದರಿಂದ ಬೆನ್ನ ಹಿಂದೆ ಅವನನ್ನು 'ಹಲ್ಲು' ಎಂದೇ ಕರೆಯುತ್ತಿದ್ದೆವು. ಒಂದೇ ಮನೆಯವರಾದರೂ ನಾವು ಲಿಫ್ಟು ಹತ್ತುವ ಹಾಗಿರಲಿಲ್ಲ. ಬಕೆಟ್ ಹೊತ್ತು ಹಿಂದಿನ ಮೆಟ್ಟಿಲಲ್ಲೇ ಓಡಾಡಬೇಕಿತ್ತು.

ಅತ್ತಿಗೆ ಬಿದ್ದದ್ದು ಆ ಮೆಟ್ಟಿಲಲ್ಲೇ. ತೀರಿಹೋದ ನನ್ನ ಅಣ್ಣನ ಹೆಂಡತಿ, ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳು. ಆರನೇ ಮಹಡಿಯಿಂದ ಎರಡು ಬಕೆಟ್ ಇಳಿಸುವಾಗ ಕಾಲು ಜಾರಿ ಸೊಂಟ ಮುರಿಯಿತು. ಒಂದೂವರೆ ಗಂಟೆ ಅಲ್ಲೇ ಬಿದ್ದಿದ್ದಳು. ಅವತ್ತು ಫೋನು ಕಾಯುವ ಸರದಿ ನನ್ನದು. ಅವಳು ಅಲ್ಲಿ ನರಳುತ್ತಿದ್ದ ಅಷ್ಟೂ ಹೊತ್ತು ನಾನು ಇಲ್ಲಿ ಅವಳ ಚುಕ್ಕೆಯನ್ನು ಒಂದು ಸಲವೂ ತಪ್ಪದೆ ಹಸಿರಾಗಿ ಇಟ್ಟಿದ್ದೆ.

ಕೆಲಸದಲ್ಲಿ ಬಿದ್ದವರಿಗೆ ಕಾರ್ಮಿಕರ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಪರೇಷನ್ ಮಾಡುತ್ತಾರೆ. ಕೆಲಸದಲ್ಲೇ ಬಿದ್ದಳೆಂದು ಕಂಪನಿ ಒಂದು ಕಾಗದ ಬರೆದುಕೊಡಬೇಕು, ಅಷ್ಟೆ. ಸೂಪರ್‌ವೈಸರ್ ಮುಂದೆ ನಿಂತು ಕೇಳಿದೆ.

"ಎಷ್ಟೊತ್ತಿಗೆ ಬಿದ್ಲು?"

"ಹನ್ನೊಂದಕ್ಕೆ ಸಾರ್."

ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ಹನ್ನೊಂದರಿಂದ ಹನ್ನೆರಡೂವರೆ ತನಕ ಹಸಿರು. ಫೋನ್ ಇದ್ದಿದ್ದು ಮೂರನೇ ಮಹಡೀಲಿ. ಸೊಂಟ ಮುರ್ಕೊಂಡೋಳು ಫೋನ್ ಒತ್ತಾ ಕೂತಿದ್ಲಾ? ಎಲ್ಲೋ ಬಿದ್ದು ಬಂದು ನಮ್ಮ ತಲೆಗೆ ಕಟ್ತೀರಾ, ಬೇವರ್ಸಿಗಳಾ? ನಡಿ ಆಚೆ."

ಬಾಯಿ ಬಿಟ್ಟರೆ ಎಲ್ಲರ ಕೆಲಸವೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಬಂದೆ. ಅತ್ತಿಗೆ ಮನೆಯಲ್ಲಿ ಒಂದೇ ಮಗ್ಗುಲಿಗೆ ಮಲಗಿದಳು. ಇನ್ನೂ ತಡ ಮಾಡಿದರೆ ಮತ್ತೆ ಏಳುವುದೇ ಇಲ್ಲ ಎಂದು ಡಾಕ್ಟರು ಹೇಳಿದರು. "ನೀನೇನು ಬೇಕಂತ ಮಾಡಿದ್ಯಾ, ಬಿಡು" ಎಂದಳು ಅವಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೂಟ ಮುಳುಗುತ್ತಿದೆ ಎಂಬುದು ಪೇಪರಿನವರಿಗಿಂತ ಮೊದಲು ತಿಳಿದದ್ದು ನಮಗೆ. ಸಿಂಕಿನಲ್ಲಿ ದಿನಕ್ಕೆ ಇನ್ನೂರು ಲೋಟ ಬೀಳುತ್ತಿದ್ದದ್ದು ಎಂಬತ್ತಾಯಿತು, ಆಮೇಲೆ ಮೂವತ್ತು. ಹುಡುಗಿಯರು ಪಾಯಿಖಾನೆಗೆ ಬಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದರು. ಯಾವುದೋ ದೊಡ್ಡ ಕಂಪನಿ ಇಂಥದ್ದನ್ನೇ ಬಿಟ್ಟಿಯಾಗಿ ಹಂಚುತ್ತಿದೆಯಂತೆ. ಗೋಡೆಯ ಮೇಲಿನ ಚುಕ್ಕೆಗಳು ದಿನದಿನಕ್ಕೂ ತೆಳುವಾದವು. ಕೇಕು ನಿಂತಿತು.

ಅಂಥ ಒಂದು ಮಧ್ಯಾಹ್ನ ಹಲ್ಲು ನಮ್ಮ ಬಕೆಟ್ ಕೋಣೆಗೆ ಬಂದ. ಟ್ರೇಯಲ್ಲಿ ತಾನೇ ಟೀ ತಂದಿದ್ದ. ಯಜಮಾನ ನಗುತ್ತಾ ಟೀ ತಂದರೆ ನಾನು ಟೀ ಕಡೆ ನೋಡುವವಳಲ್ಲ, ಅವನ ಜೇಬಿನ ಕಡೆ ನೋಡುವವಳು. ಜೇಬಿನಲ್ಲಿ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ಬಕೆಟ್ ಬೋರಲು ಹಾಕಿಕೊಂಡು ಕೂತ.

"ಅಕ್ಕಂದಿರಾ, ನಾಳೆ ಕೂಟ ಕೊಂಡ್ಕೊಳ್ಳೋರು ಬರ್ತಾರೆ. ಗೋಡೆ ತುಂಬ ಹಸಿರು ಕಾಣ್ಬೇಕು. ಕೆಲಸ ಬಿಟ್ಟೋರ ಫೋನು ನಾನೂರು ಇದೆ, ಒಂದೊಂದರಲ್ಲೂ ನೂರು ಹೆಸರು ತುಂಬಿಸಿದ್ದೀನಿ. ಮೆಷಿನ್ ಒತ್ತಿದ್ರೆ ಅವರು ಕಂಡುಹಿಡೀತಾರೆ, ಮನುಷ್ಯರ ಬೆರಳೇ ಬೇಕು. ನಿಮಗೆ ಅಭ್ಯಾಸ ಇದೆಯಲ್ಲ."

ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

"ನಿಮಗೆ ಗೊತ್ತಿತ್ತಾ?" ಎಂದೆ.

"ಮೊದಲನೇ ದಿನದಿಂದ. ಏಳು ಫೋನು ಒಂದೇ ಕೋಣೇಲಿದ್ರೆ ನಮಗೆ ಕಾಣಲ್ವಾ? ಹೋಗ್ಲಿ ಪಾಪ ಅಂತ ಬಿಟ್ಟಿದ್ದೆ."

"ಹಂಗಾದ್ರೆ ನಮ್ಮತ್ತಿಗೆ ಮೆಟ್ಟಿಲಲ್ಲಿ ಬಿದ್ದಿದ್ದೂ..."

"ಅದಕ್ಕೇ ಕಾಗದ ಮಾಡಿಸಿ ತಂದಿರೋದು." ಜೇಬು ತಟ್ಟಿದ. ಹಲ್ಲು ಅಷ್ಟೂ ಕಂಡವು. "ನಾಳೆ ಕೆಲಸ ಮುಗಿದ ತಕ್ಷಣ ನಿಮ್ಮ ಕೈಗೆ."

ಅವನು ಹೋದ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ಎತ್ತರದವಳಾದ ಉದ್ದಕ್ಕ ನೆಲಕ್ಕೆ ಉಗಿದು, ತಾನೇ ಒರೆಸಿದಳು. "ಕಾಗದ ತಂದೋನು ಕೊಟ್ಟೇ ಹೋಗ್ಬೋದಿತ್ತಲ್ಲೇ. ನನ್ಮಗ ಯಾಕೆ ವಾಪಸ್ ತಗೊಂಡು ಹೋದ?"

ಮರುದಿನ ಹಾಲಿನ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತುಂಬ ಫೋನು. ನಾವು ಆರು ಜನಕ್ಕೂ ಕುರ್ಚಿ ಹಾಕಿದ್ದರು. ಆ ಕಟ್ಟಡದಲ್ಲಿ ನಾವು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಕಾಗದ ನೋಡದೆ ಬೆರಳು ಇಡುವುದಿಲ್ಲ ಎಂದೆ. ಹೊರಗೆ ಕಾರುಗಳು ಬಂದು ನಿಂತಿದ್ದವು. ಸೂಪರ್‌ವೈಸರ್ ಓಡಿಹೋಗಿ ಕಾಗದ ತಂದು ನನ್ನ ಮುಖಕ್ಕೆ ಹಿಡಿದ.

"ನೋಡ್ಕೋ! ಸಹಿ, ಸೀಲು, ಎಲ್ಲ ಇದೆ."

ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಸೀಲು ನೋಡಲಿಲ್ಲ, ಸಾಲು ನೋಡಿದೆ. 'ಸದರಿ ಹೆಂಗಸು ತನ್ನ ಕೆಲಸದ ಸ್ಥಳ ಬಿಟ್ಟು, ಸ್ವಂತ ಕಾರಣಕ್ಕೆ ಓಡಾಡುವಾಗ ಬಿದ್ದಿರುತ್ತಾಳೆ.' ಆ ಕಾಗದ ಹಿಡಿದು ಹೋದರೆ ಆಸ್ಪತ್ರೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು.

"ನಿಂಗೆ ಓದೋಕೆ ಬರುತ್ತಾ?" ಎಂದು ಕಸಿದುಕೊಂಡ.

"ಎಲ್ಲಿ ಬರುತ್ತೆ ಸಾರ್," ಎಂದು ಕೂತು ಒತ್ತತೊಡಗಿದೆ. ಆರು ಜೊತೆ ಕೈ ಮೇಜಿನ ಮೇಲೆ ಆಡಿದವು. ಅವನು ನೆಮ್ಮದಿಯಿಂದ ಬಾಗಿಲು ಎಳೆದುಕೊಂಡು ಹೋದ. ಆಚೆ ಗೋಡೆ ಹಸಿರಾಗಿರಬೇಕು, ಚಪ್ಪಾಳೆ ಕೇಳಿಸಿತು.

ನಾನು ಓದಿದ್ದನ್ನು ಪಕ್ಕದವಳಿಗೆ ಹೇಳಿದೆ. ಅವಳು ಅವಳ ಪಕ್ಕದವಳಿಗೆ. ಮೇಜಿನ ತುದಿ ಮುಟ್ಟುವಷ್ಟರಲ್ಲಿ ಎಲ್ಲರ ಮುಖವೂ ಕಪ್ಪಿಟ್ಟಿತ್ತು.

ಕೂಟದಲ್ಲಿ 'ಮನೆ' ಎಂದೊಂದು ಜಾಗವಿತ್ತು. ಬೆಳಗಾದರೆ ಹಲ್ಲು ಅಲ್ಲಿ ಉಪದೇಶ ಮಾಡುತ್ತಿದ್ದ, ಅದು ಎಲ್ಲರ ಫೋನಿನಲ್ಲೂ ಗೋಡೆಯ ಪರದೆಯಲ್ಲೂ ಕೇಳುತ್ತಿತ್ತು. ಅಲ್ಲಿ ಮಾತಾಡುವ ಗುಂಡಿ ನಮ್ಮ ಫೋನಿನಲ್ಲೂ ಇತ್ತು. ನಮ್ಮಲ್ಲಿ ಯಾರೂ ಅದನ್ನು ಒತ್ತಿರಲಿಲ್ಲ.

ನನ್ನ ಸ್ವಂತ ಫೋನು ತೆಗೆದೆ. "ಎಲ್ಲರ ಕೆಲಸಾನೂ ಹೋಗುತ್ತೆ ಕಣ್ರೇ," ಎಂದೆ.

"ಹೋಗ್ಲಿ," ಎಂದಳು ಉದ್ದಕ್ಕ. "ಅವಳನ್ನ ಮಗ್ಗುಲು ತಿರುಗಿಸೋವಾಗ ಕಿರುಚ್ತಾಳಲ್ಲ, ಅದು ನನ್ನ ಕಿವೀಲಿದೆ. ಮಾತಾಡು ನೀನು."

ಗುಂಡಿ ಒತ್ತಿಹಿಡಿದೆ.

"ನಾನು ಪಾಯಿಖಾನೆ ತೊಳೆಯೋಳು. ನಮ್ಮತ್ತಿಗೆ ಆರನೇ ಮಹಡಿ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರ್ಕೊಂಡಳು. ಹನ್ನೊಂದು ಗಂಟೆಗೆ. ಆಗ ಅವಳ ಫೋನು ನನ್ನ ಮಡಿಲಲ್ಲಿತ್ತು. ಹಸಿರು ಮಾಡಿದ್ದು ನಾನು, ತಪ್ಪು ನಂದು. ಈಗ ನೀವು ನೋಡ್ತಾ ಇರೋ ಹಸಿರೂ ನಾವು ಆರು ಜನ ಪಕ್ಕದ ಕೋಣೇಲಿ ಕೂತು ಒತ್ತಿದ್ದು. ಯಜಮಾನರಿಗೆ ಎಲ್ಲ ಗೊತ್ತು."

ಕ್ಷಣ ತಡೆದು ನನ್ನದೇ ದನಿ ನಾನೂರು ಫೋನಿನಿಂದ ಒಟ್ಟಿಗೆ ಎದ್ದಿತು. ಆಚೆ ಹಾಲಿನ ಗೋಡೆಯೂ ಅದನ್ನೇ ಹೇಳಿತು. ಚಪ್ಪಾಳೆ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಮೇಜಿನಿಂದ ಕೈ ತೆಗೆದರು.

ಬಾಗಿಲು ಧಡ್ ಎಂದು ತೆರೆಯಿತು. ಹಲ್ಲು ನಿಂತಿದ್ದ, ತುಟಿ ಬಿಗಿದುಕೊಂಡು. ಅವನ ಬೆನ್ನ ಹಿಂದೆ, ಕೊಳ್ಳಲು ಬಂದಿದ್ದ ನರೆಗೂದಲಿನ ಹೆಂಗಸು ಕುತ್ತಿಗೆ ಚಾಚಿ ಮೇಜು ನೋಡುತ್ತಿದ್ದಳು.

"ಫೋನ್ ಕೊಡೇ ಇಲ್ಲಿ, ಕಸ ಬಳಿಯೋ ನಾಯಿ!"

ಅದೂ ಗೋಡೆಯಲ್ಲಿ ಕೇಳಿಸಿತು. ನಾನು ಮತ್ತೆ ಗುಂಡಿ ಒತ್ತಿಹಿಡಿದಿದ್ದೆ. ಅವನು ಮುನ್ನುಗ್ಗಿದ. ಉದ್ದಕ್ಕ ಕುರ್ಚಿ ಸರಿಸಿ ಎದ್ದು ಅಡ್ಡ ನಿಂತಳು, ಅವಳ ಹಿಂದೆ ಉಳಿದ ನಾಲ್ಕು ಜನ. ಅವಳ ಭುಜದ ಪಕ್ಕದಿಂದ ಕೈ ಚಾಚಿ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದೆ.

"ಹೇಳಣ್ಣಾ. ಅವಳು ಕೆಲಸದಲ್ಲಿ ಬಿದ್ದಿದ್ದು ನಿಂಗೆ ಗೊತ್ತಿತ್ತೋ, ಇಲ್ವೋ?"

ಅವನು ಬಾಯಿ ತೆರೆದ. ಅವನ ಉಸಿರು ಮಾತ್ರ ಆಚೆ ಗೋಡೆಯಿಂದ ದೊಡ್ಡದಾಗಿ ಕೇಳುತ್ತಿತ್ತು. ನಾನು ಬೆರಳು ತೆಗೆಯಲಿಲ್ಲ.