ಮೂರ್ತಪ್ಪನ ಕೈ

ನಿಂಗಪ್ಪ ಕೊಟ್ಟಿಗೆಯ ಗೂಡಿಗೆ ಕೈ ಹಾಕಿ ಬ್ರಷ್ಷು, ಕತ್ತರಿ, ಬಾಚಣಿಗೆ ಒಂದೊಂದಾಗಿ ತೆಗೆದು ಹಳೆಯ ಕೈಚೀಲಕ್ಕೆ ತುಂಬುತ್ತಿದ್ದ. ಅಂಗಳದಲ್ಲಿ ಅವನ ಅಣ್ಣ ಮೂರ್ತಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲೇ ಕುಳಿತಿದ್ದ ದುರುಗಕ್ಕ ಗಂಡನನ್ನು ನೋಡುವುದು ಬಿಟ್ಟು ಆ ಚೀಲವನ್ನೇ ನೋಡುತ್ತಿದ್ದಳು. ಅವನು ಹಾಸಿಗೆ ಹಿಡಿದ ಮೂರು ದಿನದಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

"ಅದನ್ನ ಎಲ್ಲಿಗೆ ತಗಂಡು ಹೋಗ್ತೀಯಪ್ಪ?" ಎಂದಳು.

"ಗುಂಡಿಗೆ ಕಣ್ರೀ ಅತ್ತಿಗೆ. ಅಣ್ಣನ ಜೊತೆಗೇ ಹೋಗ್ಲಿ. ನಮ್ಮಪ್ಪ ಸತ್ತಾಗ ಉಣ್ಣೆ ಕತ್ರಿ ಇಟ್ಟಿರ್ಲಿಲ್ವಾ? ಹಂಗೇ."

ಬಾಗೂರಿನಿಂದ ಹಾರ ಹಿಡಿದು ಬಂದಿದ್ದ ಓಬಳೇಶ್ ತಲೆಯಾಡಿಸಿದ. ಕಳೆದ ತಿಂಗಳು ಹಿರಿಯೂರಿನ ದನಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದದ್ದು ಅವನ ಹೋರಿ. ಅದರ ಮೈಕೂದಲನ್ನು ಬಾಚಿ, ಕತ್ತರಿಸಿ ಅಣಿ ಮಾಡಿದ್ದು ಮೂರ್ತಪ್ಪ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು.

"ಏನ್ ಕೈ ಅಂತೀಯ ನಿಂಗಣ್ಣ! ಆ ದನದ ಡಾಕ್ಟ್ರು ಹೋರಿ ಬೆನ್ನ ಮೇಲೆ ಕೈಯಾಡ್ಸಿ, ಇದು ಕೂದ್ಲೋ ಮಕಮಲ್ಲೋ ಅಂದ್ರು. ಅಂಥ ಕೈ ಇನ್ನೆಲ್ಲೈತೆ? ಹೋತು."

"ಅವ್ನು ಹೋದ, ಪುಣ್ಯಾತ್ಮ. ಇವಳ ಗತಿಯೇನು?" ಎಂದಳು ಪಕ್ಕದ ಮನೆಯ ಬಸಮ್ಮ.

"ನಮ್ಮನೆಗೆ ಬಂದಿರ್ಲಿ ಬಿಡು," ಎಂದ ನಿಂಗಪ್ಪ. " ಕುರಿ ರೊಪ್ಪ ಗುಡಿಸ್ಕಂಡು, ಮರಿ ನೋಡ್ಕಂಡು ಇದ್ರೆ ಆತು. ಅತ್ತಿಗೆಗೆ ಒಂದು ತುತ್ತು ಹಾಕ್ದೆ ಇರ್ತೀನಾ?"

ನಿಂಗಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳ ತೆಗೆಯುವುದಾದರೂ ಸುಲಭವಾಗುತ್ತಿತ್ತು. ನಿನಗೇನು ಬೇಕು ಎಂದು ಅವಳನ್ನು ಕೇಳುವುದು ಮಾತ್ರ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

*

ಎರಡು ವರ್ಷದ ಹಿಂದೆ ಮೂರ್ತಪ್ಪನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಟೀ ಲೋಟ ತುಳುಕಿತು, ಆಮೇಲೆ ಕತ್ತರಿ ಜಾರಿತು. ಒಂದು ದಿನ ಯಾರದೋ ಎತ್ತಿನ ಕಿವಿಯಂಚಿನ ಕೂದಲು ಕತ್ತರಿಸುವಾಗ ಚರ್ಮಕ್ಕೆ ತಗುಲಿ ಒಂದು ಹನಿ ರಕ್ತ ಬಂತು. ಎತ್ತು ಸುಮ್ಮನೆ ತಲೆ ಕೊಡವಿತು. ಮೂರ್ತಪ್ಪ ಕತ್ತರಿ ಎಸೆದು ಕಲ್ಲಿನ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತುಬಿಟ್ಟ.

ದುರುಗಕ್ಕ ಕತ್ತರಿ ಎತ್ತಿಕೊಂಡಳು. "ಹೆಂಗೆ ಅಂತ ಹೇಳು," ಎಂದಳು.

ಅವನು ಬೈಯುತ್ತಲೇ ಕಲಿಸಿದ. ಅಂಟುವಾಳದ ನೊರೆಯಲ್ಲಿ ತೊಳೆದು, ಕೂದಲನ್ನು ಮೊದಲು ಎದುರಿಗೆ ಬಾಚಿ ಎಬ್ಬಿಸಬೇಕು, ಆಮೇಲೆ ಅದರ ದಾರಿಗೇ ಬಾಚಿ ಮಲಗಿಸಬೇಕು. ಹರಳೆಣ್ಣೆ ಅಂಗೈಗೆ ಸವರಿಕೊಳ್ಳುವಷ್ಟೇ ಸಾಕು. ಬೆನ್ನು ತಗ್ಗಿದ ಕಡೆ ಕೂದಲು ಉದ್ದ ಬಿಟ್ಟು, ಅಕ್ಕಪಕ್ಕ ಗಿಡ್ಡ ಮಾಡಿದರೆ ಬೆನ್ನು ಹಲಗೆಯಂತೆ ಕಾಣುತ್ತದೆ. "ಲೇ, ಹುಲ್ಲು ಕೊಯ್ತಿದೀಯೇನೇ?" ಎಂದು ಅವನು ಕೂಗಿದರೆ, "ಸುಮ್ನೆ ಕುಂತ್ಕ, ಇಲ್ದಿದ್ರೆ ನೀನೇ ಬಾ," ಎಂದು ಇವಳು ಕೂಗುತ್ತಿದ್ದಳು.

ದನ ತಂದವರನ್ನು ಮೂರ್ತಪ್ಪ ಬಾಗಿಲಲ್ಲೇ ತಡೆಯುತ್ತಿದ್ದ. ಜನ ಇದ್ದರೆ ದನ ಬೆದರುತ್ತವೆ ಎನ್ನುತ್ತಿದ್ದ. ಅದು ಕಸುಬಿನ ಗುಟ್ಟಿರಬೇಕೆಂದು ಅವರೂ ನಂಬಿದರು. ಪ್ರದರ್ಶನದ ಹೋರಿಗೆ ಹೆಂಗಸು ಕತ್ತರಿ ಹಾಕುತ್ತಾಳೆಂದು ಗೊತ್ತಾಗಿದ್ದರೆ ಒಬ್ಬನೂ ಇತ್ತ ತಲೆ ಹಾಕುತ್ತಿರಲಿಲ್ಲ. ಹೊರಗೆ ಹೋದಾಗ ಅವನು ಬಲಗೈಯನ್ನು ಟವಲಿನಲ್ಲಿ ಸುತ್ತಿಕೊಂಡಿರುತ್ತಿದ್ದ.

ಓಬಳೇಶನ ಹೋರಿ ಗೆದ್ದ ದಿನ ಹಿರಿಯೂರಿನಲ್ಲಿ ಮೂರ್ತಪ್ಪನಿಗೂ ಹಾರ ಹಾಕಿದರು. ಮನೆಗೆ ಬಂದವನು ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿ ಅದನ್ನು ಹೆಂಡತಿಯ ಕೊರಳಿಗೆ ಹಾಕಿದ.

"ನಾನಿರೋವರ್ಗೂ ಯಾರಿಗೂ ಹೇಳ್ಬೇಡ ಕಣೆ."

"ಆತು," ಎಂದಿದ್ದಳು.

*

ಹೊಲದಲ್ಲಿ ಹೆಣವನ್ನು ಗುಂಡಿಗೆ ಇಳಿಸಿ ಮಲಗಿಸಿದ ಮೇಲೆ ನಿಂಗಪ್ಪ ಚೀಲವನ್ನು ಅಣ್ಣನ ಬಲಗೈ ಪಕ್ಕಕ್ಕಿಟ್ಟು ಮೇಲೆ ಬಂದ.

"ಮಣ್ಣು ಹಾಕ್ರಿ," ಎಂದ.

"ತಡಿ ನಿಂಗಪ್ಪ. ಆ ಚೀಲ ತೆಗಿ. ಅದು ನಂದು," ಎಂದಳು ದುರುಗಕ್ಕ.

"ಅತ್ತಿಗೆ, ಕುಂತ್ಕಳ್ರಿ. ಸುಸ್ತಾಗಿದೀರಿ."

"ಸುಸ್ತಾಗೈತೆ, ನಿಜ. ಸುಳ್ಳು ಹೊತ್ತು ಹೊತ್ತೇ ಸಾಕಾಗೈತೆ. ನಿಮ್ಮಣ್ಣ ಎರಡು ವರ್ಷದಿಂದ ಕತ್ರಿ ಮುಟ್ಟಿಲ್ಲ. ಕೈ ನಡುಗ್ತಿತ್ತು. ಅವ್ನು ಹೇಳ್ತಿದ್ದ, ನಾನು ಮಾಡ್ತಿದ್ದೆ." ಅವಳು ಓಬಳೇಶನ ಕಡೆ ತಿರುಗಿದಳು. "ನಿನ್ನ ಹೋರಿ ಹೆಗಲ ಮೇಲಿನ ಹಿಣಿಲಿನ ಹಿಂದೆ, ಬೆನ್ನು ಎರಡು ಬೆರಳು ತಗ್ಗೈತೆ. ಅಲ್ಲಿ ಕೂದ್ಲು ಬಿಟ್ಟು ಮುಚ್ಚಿದ್ದು ನಾನೇ ಕಣಪ್ಪ."

ಓಬಳೇಶನ ಮುಖ ಕಪ್ಪಿಟ್ಟಿತು. ಆ ತಗ್ಗಿನ ವಿಷಯವನ್ನು ಅವನು ಮೂರ್ತಪ್ಪನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈಗ ಊರಿಗೆ ಊರೇ ಕೇಳಿಸಿಕೊಂಡಿತ್ತು.

"ಗಂಡ ಹೆಂಡ್ತಿಗೆ ಹೇಳಿರ್ತಾನೆ. ಅದೇನು ಮಹಾ?" ಎಂದು ಯಾರೋ ಗೊಣಗಿದರು.

"ಅಣ್ಣನ ಹೆಸ್ರು ಕೆಡಿಸ್ಬ್ಯಾಡ್ರಿ ಅತ್ತಿಗೆ," ಎಂದ ನಿಂಗಪ್ಪ. ಅವನ ಕಣ್ಣಲ್ಲಿ ನೀರಿತ್ತು. ಒಂದು ಹಿಡಿ ಮಣ್ಣು ಹಾಕಿಯೇಬಿಟ್ಟ. ಅರ್ಧ ಅಣ್ಣನ ಮೇಲೆ, ಅರ್ಧ ಚೀಲದ ಮೇಲೆ ಬಿತ್ತು.

ದುರುಗಕ್ಕ ಸೀರೆ ಎತ್ತಿಕಟ್ಟಿ ಗುಂಡಿಯ ಅಂಚಿಗೆ ಕುಳಿತು ಕೆಳಗೆ ಜಾರಿದಳು. ಬಸಮ್ಮ ಕಿರುಚಿಕೊಂಡಳು. ದುರುಗಕ್ಕ ಗಂಡನ ಮೈ ತುಳಿಯದಂತೆ ಕಾಲಿಟ್ಟು, ಚೀಲ ಎತ್ತಿಕೊಂಡು, ಅವನ ಕೈಯ ಮೇಲೆ ಬಿದ್ದಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಹೇಳ್ಬಿಟ್ಟೆ ಕಣೋ," ಎಂದಳು ಮೆಲ್ಲಗೆ.

ಹತ್ತಲು ಹೋದರೆ ಅಂಚಿನ ಮಣ್ಣು ಜಾರಿತು. ಗುಂಡಿ ಅವಳ ಎದೆಮಟ್ಟ ಇತ್ತು. ಬಲಗೈ ಮೇಲೆತ್ತಿ ನಿಂತಳು. ಹೆಂಗಸರು ಹೆದರಿ ಹಿಂದೆ ಸರಿದಿದ್ದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಓಬಳೇಶ್ ಮುಂದೆ ಬಂದ. ಸಿಟ್ಟು ಇನ್ನೂ ಮುಖದಲ್ಲೇ ಇತ್ತು. ಬಗ್ಗಿ ಅವಳ ಕೈ ಹಿಡಿದವನು ಎಳೆಯದೆ ಹಾಗೇ ನಿಂತುಬಿಟ್ಟ. ಅವಳ ಅಂಗೈಯಲ್ಲಿ, ಬ್ರಷ್ಷಿನ ಹಿಡಿ ಒತ್ತುವ ಕಡೆ, ಹೋರಿಯ ಹಗ್ಗ ಹಿಡಿದು ಹಿಡಿದು ತನ್ನ ಕೈಗೆ ಬಂದಿದ್ದಂಥದೇ ಜಡ್ಡು ಇತ್ತು. ಅವನು ಇನ್ನೊಂದು ಕೈಯನ್ನೂ ಕೊಟ್ಟು ಅವಳನ್ನು ಮೇಲಕ್ಕೆಳೆದ.