ಮುಳ್ಳುತಂತಿಯ ಮೇಲಿನ ಶ್ಯಾವಿಗೆ

ನಾನು ಒಂದು ಲಟ್ಟಣಿಗೆ. ಹುಟ್ಟಿದ್ದು ಬಡಗಿಯ ಮನೆಯಲ್ಲಲ್ಲ, ಬೆಳಗಾವಿ ಕಡೆಯ ಒಂದು ಸೆರೆ ಕ್ಯಾಂಪಿನಲ್ಲಿ. ಮುರಿದ ಮಂಚದ ಕಾಲನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ನನ್ನನ್ನು ದುಂಡಗೆ ಮಾಡಿದವನು ಓರೆಸ್ತೆ. ಇಟಲಿಯವನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೇಕರಿ ಇಟ್ಟಿದ್ದ. ಅವನ ದೇಶ ಯುದ್ಧಕ್ಕೆ ಇಳಿದದ್ದೇ ತಡ, ನಿನ್ನೆಯವರೆಗೆ ಅವನ ಬನ್ನು ತಿಂದ ಇಂಗ್ಲಿಷ್ ದೊರೆಗಳೇ ಅವನನ್ನು ಶತ್ರು ಎಂದು ಹಿಡಿದು ತಂದರು. ಅವನು ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ. ತಿಂದ ಬಾಯಿಗೆ ನಾಚಿಕೆ ಬೇಡವೇ?

ಆಗ ಅವನ ಹೆಂಡತಿ ಸಲೋಮಿ ಬಸುರಿ. ದಂಡಿನ ಹುಡುಗಿ ಅವಳು. ಮಗ ಹುಟ್ಟಿದ ಸುದ್ದಿಯಷ್ಟೇ ಕ್ಯಾಂಪಿಗೆ ಬಂತು. ಬಹಳ ದಿನ ಬೇಡಿಕೊಂಡ ಮೇಲೆ, ಒಂದು ಭಾನುವಾರ ಮಗುವನ್ನು ತಂದು ತೋರಿಸಲು ಅಪ್ಪಣೆ ಸಿಕ್ಕಿತು. ಓರೆಸ್ತೆ ಕುಣಿದಾಡಿಬಿಟ್ಟ. ಹೆಂಡತಿಗೆ ತನ್ನೂರಿನ ಶ್ಯಾವಿಗೆ ತಿನ್ನಿಸಬೇಕೆಂದು ಶನಿವಾರ ಬೆಳಿಗ್ಗೆಯೇ ಉಳಿಸಿಟ್ಟ ಮೈದಾ ಕಲಸಿದ. ನಾನು ಲಟ್ಟಿಸಿದೆ, ಅವನು ಎಳೆಎಳೆಯಾಗಿ ಕೊಯ್ದ.

ಒಣಹಾಕುವುದು ಎಲ್ಲಿ? ಅವನ ಊರಲ್ಲಿ ಹಗ್ಗ ಕಂಡಲ್ಲಿ ಹಾಕುತ್ತಾರಂತೆ. ಪುಣ್ಯಾತ್ಮ, ಹೋಗಿ ಬೇಲಿಯ ಮುಳ್ಳುತಂತಿಯ ಮೇಲೆಯೇ ಸಾಲಾಗಿ ನೇತುಹಾಕಿದ! ತಂತಿ ಮುಟ್ಟಿದರೆ ತಪ್ಪಿಸಿಕೊಳ್ಳಲು ಹೊರಟಂತೆ ಎಂಬ ಕಟ್ಟಪ್ಪಣೆ ಅವನಿಗೆ ಆ ಸಂಭ್ರಮದಲ್ಲಿ ಎಲ್ಲಿ ನೆನಪಾಗಬೇಕು?

ಕಾವಲಿನ ಹವಾಲ್ದಾರ್ ಗೂಳಪ್ಪ ಬಂದೂಕು ಹಿಡಿದು ಓಡಿಬಂದ.

“ಏ ಸಾಹೇಬಾ! ತಂತಿ ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಬೇಕೋ ನಿನಗ?”

“ಶ್ಯಾವಿಗೆ ಕಣಣ್ಣ, ಒಣಗಾಕಿದೀನಿ ಅಷ್ಟೆ,” ಎಂದ ಓರೆಸ್ತೆ, ಹೆಂಡತಿ ಕಲಿಸಿದ ಕನ್ನಡದಲ್ಲಿ. “ನಾಳೆ ನನ್ನ ಮಗ ಬರ್ತಾನೆ.”

ಗೂಳಪ್ಪ ಒಂದೆಳೆ ಕಿತ್ತು ಬಾಯಿಗೆ ಹಾಕಿಕೊಂಡ. “ಶ್ಯಾವಿಗಿ ಅಂತ ನನಗ ಗೊತ್ತಿಲ್ಲೇನು? ನಮ್ಮವ್ವನೂ ಕೋಲಿನ ಮ್ಯಾಲ ಹಿಂಗ ಹಾಕ್ತಾಳ.”

ಇನ್ನೇನು ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಪಾಪಿ, ನೇರ ಹೋಗಿ ದೊಡ್ಡ ಸಾಹೇಬರಿಗೆ ಚಾಡಿ ಹೇಳಿದ. ಗೊತ್ತಿದ್ದೂ ಹೇಳಿದ! ಭೇಟಿ ರದ್ದಾಯಿತು. ಓರೆಸ್ತೆಯನ್ನು ಕತ್ತಲೆ ಕೋಣೆಗೆ ತಳ್ಳಿದರು. ನಾನು ದೊಣ್ಣೆಯಂತೆ, ಆಯುಧವಂತೆ! ಗೂಳಪ್ಪ ನನ್ನನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮರುದಿನ ಸಲೋಮಿ ಗೇಟಿಗೆ ಬಂದಳು.

“ಒಳಗ ಬಿಡಂಗಿಲ್ಲವ್ವಾ, ಹೋಗು,” ಎಂದ ಗೂಳಪ್ಪ.

“ನನ್ನ ಬಿಡಬೇಡಿ. ಕೂಸನ್ನಾದ್ರೂ ಒಂದ್ಸಲ ತೋರಿಸ್ಕೊಂಡು ಬನ್ನಿ ಅಣ್ಣಾ,” ಎಂದು ಅವಳು ಮಗುವನ್ನು ಮುಂದಕ್ಕೆ ಹಿಡಿದಳು.

ಗೂಳಪ್ಪ ಕೈ ಚಾಚಲಿಲ್ಲ. ಮಗುವೇ ಕೈ ಚಾಚಿ ನನ್ನ ತುದಿ ಹಿಡಿಯಿತು. ಬಿಡಿಸಲು ಅವನು ಅದರ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

ಆಮೇಲೆ ಓರೆಸ್ತೆಯನ್ನು ಉತ್ತರದ ಯಾವುದೋ ಕ್ಯಾಂಪಿಗೆ ಸಾಗಿಸಿದರು. ನಾನು ಗೂಳಪ್ಪನ ಮನೆ ಸೇರಿದೆ. ಅವನು ಪಿಂಚಣಿ ತಿಂದು ತಿಂದು ಒಂದು ದಿನ ಸತ್ತೂ ಹೋದ. ಇದ್ದಷ್ಟು ದಿನ ಅವನ ತಟ್ಟೆಗೆ ಒಂದು ಚಪಾತಿಯೂ ದುಂಡಗೆ ಬೀಳದಂತೆ ನೋಡಿಕೊಂಡೆ. ನನ್ನ ಕೈಲಾದದ್ದು ಅಷ್ಟೇ.

ಈಗ ಬಿರುಕು ಬಿಟ್ಟು ಒಲೆಯ ಹಿಂದೆ ಬಿದ್ದಿದ್ದೇನೆ. ಬೆಂಕಿಗೆ ಹಾಕಿದರೆ ಹಾಕಲಿ. ಹೊಟ್ಟೆ ಉರಿಯುವುದು ಒಂದಕ್ಕೇ. ಆ ಕೂಸಿನ ಮುಖವನ್ನು ಅಪ್ಪನಿಗಿಂತ ಮೊದಲು ನಾನು ನೋಡಿಬಿಟ್ಟೆ. ಆಮೇಲಾದರೂ ಅವನು ನೋಡಿದನೋ ಇಲ್ಲವೋ, ನನಗೆ ಹೇಳುವವರಿಲ್ಲ. ಮೂಗು ಓರೆಸ್ತೆಯದೇ, ತುದಿಯಲ್ಲಿ ಕೊಂಚ ಬಾಗಿದ್ದು. ಹಿಡಿತವೂ ಅವನದೇ. ಇಷ್ಟನ್ನು ಅವನಿಗೆ ಹೇಳುವ ಬಾಯಿ ಮಂಚದ ಕಾಲಿಗೆ ಎಲ್ಲಿಂದ ಬರಬೇಕು?